ಪೌಡರ್ ವಾಸನೆಯ ಕೇಬಲ್

ಹೋದ ತಿಂಗಳು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮನೆ ಖಾಲಿ ಮಾಡುವಾಗ, ಗೋಡೆಯ ಪೈಪಿನೊಳಗಿಂದ ಹಳೆಯ ವಿಡಿಯೊ ಕೇಬಲ್ಲೊಂದನ್ನು ಎಳೆದೆ. ಎಳೆದಷ್ಟೂ ನೆಲದ ಮೇಲೆ ಬಿಳಿ ಪುಡಿ ಉದುರಿತು. ಮೂಗಿನ ಹತ್ತಿರ ಹಿಡಿದರೆ, ಮಗುವಿಗೆ ಸ್ನಾನ ಮಾಡಿಸಿ ಹಚ್ಚುವ ಪೌಡರಿನ ವಾಸನೆ... ಅದರ ಹಿಂದೆಯೇ ಮೇಸ್ತ್ರಿ ನೆನಪಾದರು.

ಅವರು ವೈರಿಂಗ್ ಕೆಲಸದವರು, ಊರಂಚಿನ ಗಾಜುವಾಕದಲ್ಲಿ ಮನೆ. ತಂದೆ ವಿಜಯವಾಡದ ತೆಲುಗರು, ತಾಯಿ ಬಳ್ಳಾರಿಯವರು. ತಾಯಿಯ ಕನ್ನಡಕ್ಕೆ ತಂದೆಯ ತೆಲುಗಿನ ಮರ್ಯಾದೆಯ ‘ಅಂಡಿ’ ಸೇರಿಸಿ ಮಾತಾಡುತ್ತಿದ್ದರು. ಊರಿನ ಕನ್ನಡದ ಮನೆಗಳಲ್ಲಿ, ನೌಕಾಪಡೆಯವರ ಕ್ವಾರ್ಟರ್ಸಿನಲ್ಲಿ, ಫ್ಯಾನು ಕೆಟ್ಟರೂ ಅವರಿಗೇ ಫೋನು ಹೋಗುತ್ತಿತ್ತು. ಅವರಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ‘ನಮ್ಮವರು, ಒಳ್ಳೆಯವರು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನ ಮೇಲೆಯೇ ಅವರ ಸಂಸಾರ ನಡೆಯುತ್ತಿತ್ತು.

ನಾನು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಹೇಳುವವನು. ಬೆಳಕು, ತರಂಗ ಎಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ ಎಂಬ ಜಂಬ ಆಗ ವಿಪರೀತ ಇತ್ತು. ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಸಬೇಕೆಂದು ಅವರನ್ನು ಕರೆಸಿದೆ. ಪ್ಲೇಯರ್ ಪೆಟ್ಟಿಗೆ ಹಾಲ್‌ನ ಮುಂದಿನ ಕಪಾಟಿನಲ್ಲಿ, ಪ್ರೊಜೆಕ್ಟರ್ ಹಿಂದಿನ ಸೂರಿನಲ್ಲಿ. ಮೇಸ್ತ್ರಿ ಒಂದು ದಾರ ಹಿಡಿದು ಗೋಡೆ ಹತ್ತಿ, ತೊಲೆ ಸುತ್ತಿ, ಮೂಲೆ ಇಳಿದು ಅಳೆದರು. ಅರವತ್ತಡಿಯ ಮೇಲೆಯೇ ಆಯಿತು.

“ಮಾಮೂಲಿ ತಾಮ್ರದ ಕೇಬಲ್ ಬ್ಯಾಡ ಸಾರ್,” ಎಂದರು. “ಗಾಜುವಾಕದಿಂದ ಬಸ್ಸಿನಾಗ ನಿಂತ್ಕೊಂಡು ಬಂದ ನನ್ನಂಗ, ಇಲ್ಲಿಗೆ ಬರೋದ್ರಾಗ ಚಿತ್ರ ಸುಸ್ತಾಗಿರತೈತಿ ಅಂಡಿ.”

ಬೆಳಕಿನ ಮೇಲೆ ಚಿತ್ರ ಒಯ್ಯುವ ಫೈಬರ್ ಕೇಬಲ್ ತರಿಸಿದರು. ಕರೆಂಟಿನ ತಂತಿಯ ಪಕ್ಕದಲ್ಲಿ ಹೋಗಬಾರದೆಂದು ಬೇರೆ ಪೈಪು ಹಾಕಿದರು. ಮೂಲೆಗಳಲ್ಲಿ ಮುರಿಯದಂತೆ ದುಂಡಗೆ ತಿರುಗಿಸಿದರು. ಜಾರಲಿ ಎಂದು ಕೇಬಲ್ಲಿಗೆ ಉದ್ದಕ್ಕೂ ಪೌಡರ್ ಸವರಿದರು. ಎರಡು ತುದಿಗೂ ಒಂದೊಂದು ಚೀಟಿ ಸುತ್ತಿ, ಅಮ್ಮ ಕಲಿಸಿದ್ದ ಗುಂಡು ಗುಂಡಾದ ಕನ್ನಡದಲ್ಲಿ ಬರೆದರು: ‘ಪೆಟ್ಟಿಗೆ ಕಡೆ’, ‘ಪ್ರೊಜೆಕ್ಟರ್ ಕಡೆ’. ಕೊನೆಗೆ ಖಾಲಿ ನೈಲಾನ್ ದಾರವೊಂದನ್ನು ಪೈಪಿನೊಳಗೇ ಬಿಟ್ಟರು. ಯಾಕೆಂದು ಕೇಳಿದ್ದಕ್ಕೆ, “ನನ್ನ ಹಿಂದೆ ಕೆಲಸಕ್ಕ ಬರೋನು ಬೈಕೋಬಾರ್ದಲ್ಲ ಸಾರ್,” ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. “ಈ ಕೇಬಲ್ಲಿಗೆ ತಲಿ ಬ್ಯಾರೆ, ಬಾಲ ಬ್ಯಾರೆ. ಯಾವಾಗಾದ್ರೂ ಹೊರಗ ತೆಗೀಬೇಕಾದ್ರ ನನ್ನ ಕರೀರಿ ಅಂಡಿ.”

ನಾನು ತಲೆಯಾಡಿಸಿದೆ. ಕೇಳಿಸಿಕೊಂಡಿರಲಿಲ್ಲ.

ಎರಡು ವರ್ಷ ಚಿತ್ರ ಕನ್ನಡಿಯಂತಿತ್ತು. ಆಮೇಲೆ ಮೇಲಿನ ಮನೆಯ ಬಚ್ಚಲು ಸೋರಿ, ಪ್ಲಂಬರ್ ಬಂದು ನಮ್ಮ ಸೂರು ಒಡೆದ. ಕೇಬಲ್ಲನ್ನು ಪೂರ್ತಿ ಹೊರಗೆಳೆದು ಮೂಲೆಯಲ್ಲಿ ಸುತ್ತಿಟ್ಟ. ರಿಪೇರಿ ಮುಗಿದ ಮೇಲೆ ಮೇಸ್ತ್ರಿಯನ್ನು ಕರೆಯೋಣ ಎಂದಳು ಹೆಂಡತಿ. ಇಷ್ಟಕ್ಕೆಲ್ಲ ಯಾಕೆ ಎಂದು ನಾನೇ ಪೌಡರ್ ಸವರಿ, ಕೈಗೆ ಸಿಕ್ಕ ತುದಿಯನ್ನು ಅವರು ಬಿಟ್ಟಿದ್ದ ದಾರಕ್ಕೆ ಕಟ್ಟಿ ಎಳೆದೆ. ತುದಿಯಲ್ಲಿ ಏನೋ ಕಾಗದ ಸುತ್ತಿತ್ತು. ಅದರ ಮೇಲೆಯೇ ಕರಿ ಟೇಪು ಸುತ್ತಿದೆ. ಎಲ್ಲ ಜೋಡಿಸಿ ಸ್ವಿಚ್ಚು ಹಾಕಿದರೆ ಪರದೆಯ ಮೇಲೆ ಏನೂ ಇಲ್ಲ. ಹಬ್ಬಕ್ಕೆಂದು ಬಂದಿದ್ದ ನೆಂಟರು ಸೋಫಾದ ಮೇಲೆ ಸಾಲಾಗಿ ಕೂತಿದ್ದರು.

ಅವರೆದುರಿಗೇ ಮೇಸ್ತ್ರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಕೇಬಲ್ ಯಾರಾದ್ರೂ ಹೊರಗ ತೆಗ್ದಿದ್ರಾ ಸಾರ್?”

“ಯಾರೂ ಮುಟ್ಟಿಲ್ಲ,” ಎಂದೆ.

ಸುಳ್ಳು. ನೆಂಟರ ಮುಂದೆ ‘ನಾನೇ ಹಾಕಿದೆ’ ಅನ್ನಲು ನಾಲಿಗೆ ಹೊರಳಲಿಲ್ಲ. ಆಗ ನಾಚಿಕೆ ಅನ್ನಿಸಲಿಲ್ಲ ಎನ್ನುವುದೇ ಈಗ ಹೆಚ್ಚು ನಾಚಿಕೆ.

ಮರುದಿನ ಬೆಳಿಗ್ಗೆ ಅವರು ತಾವಾಗಿಯೇ ಗೇಟಿನವರೆಗೆ ಬಂದರು. ಒಂದು ಸಲ ಮೇಲೆ ಬಂದು ನೋಡಲಿ ಬಿಡಿ ಎಂದಳು ಹೆಂಡತಿ. ಅವರು ಮೇಲೆ ಬಂದರೆ ಸೂರಿನ ಹೊಸ ಸಿಮೆಂಟು ಕಾಣುತ್ತದೆ, ನನ್ನ ಸುಳ್ಳು ಹೊರಬೀಳುತ್ತದೆ. ಅದಕ್ಕೇ ನಾನು ಕೆಳಗಿಳಿದು ಹೋಗಿ, ಬೇರೆಯವರಿಗೆ ಹೇಳಿದ್ದೇನೆ, ನೀನು ಹೋಗು ಎಂದೆ. ಅಲ್ಲಿಯವರೆಗೂ ಅವರನ್ನು ‘ನೀವು’ ಎನ್ನುತ್ತಿದ್ದೆ. ಅವರು ಕೈಯಲ್ಲಿದ್ದ ಪೌಡರ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಸ್ ಸ್ಟಾಪಿನ ಕಡೆ ತಿರುಗಿದರು.

ಅಷ್ಟಕ್ಕೇ ಬಿಟ್ಟಿದ್ದರೆ... ಬಿಡಲಿಲ್ಲ. ಊರಿನ ಕನ್ನಡದವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ‘ಗಾಜುವಾಕದ ಮೇಸ್ತ್ರಿಗೆ ನಮ್ಮವನು ಎಂದು ನಂಬಿ ಕೆಲಸ ಕೊಡಬೇಡಿ. ಕಳಪೆ ಕೇಬಲ್ ಹಾಕಿ ಹೋಗುತ್ತಾನೆ.’ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲವನ್ನು ಬೈದಳು, ನಾನು ಮನುಷ್ಯನನ್ನು ಬೈದೆ. ಭೌತಶಾಸ್ತ್ರದ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ, ಎಲ್ಲರೂ ನಂಬಿದರು. ಅವರಿಗೆ ಫೋನು ಮಾಡುವುದನ್ನು ಒಂದೊಂದೇ ಮನೆ ನಿಲ್ಲಿಸಿತು. ಗಾಜುವಾಕದ ಮನೆ ಬಿಟ್ಟು ತಂದೆಯ ಊರಿಗೆ ಹೋದರಂತೆ ಎಂದು ವರ್ಷದೊಳಗೇ ಯಾರೋ ಹೇಳಿದರು. ಹೋಗಲಿ ಬಿಡಿ ಎಂದೆ.

ಆಮೇಲೊಮ್ಮೆ ಕೆಲಸದ ಮೇಲೆ ವಿಜಯವಾಡಕ್ಕೆ ಹೋದವನು ಸಹೋದ್ಯೋಗಿಯ ಮನೆಗೆ ಹೊರಟೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಸಮವಸ್ತ್ರ ತೊಟ್ಟು ಕುಳಿತಿದ್ದವರು ಅವರೇ. ತಲೆ ನರೆತಿತ್ತು. “ಏನ್ ಮೇಸ್ತ್ರಿ, ಇಲ್ಲಿದ್ದೀರಾ?” ಎಂದೆ. ಅವರು ನನ್ನ ಮುಖ ನೋಡಿದರು. ಗುರುತು ಸಿಕ್ಕಿತೆಂದು ಕಣ್ಣಲ್ಲೇ ಗೊತ್ತಾಯಿತು. ಬಂದವರ ಹೆಸರು ಬರೆಯುವ ಪುಸ್ತಕವನ್ನು ನನ್ನ ಕಡೆ ಸರಿಸಿ, “ಸಂತಕಂ ಪೆಟ್ಟಂಡಿ,” ಎಂದರು. ಸಹಿ ಹಾಕಿ ಎಂದು, ತೆಲುಗಿನಲ್ಲಿ. ನನ್ನ ಜೊತೆ ಅವರು ತೆಲುಗು ಮಾತಾಡಿದ್ದು ಅದೇ ಮೊದಲು. ತಪ್ಪು ಮಾಡಿದವನು, ನನಗೆ ಮುಖ ಕೊಡಲು ಇವನಿಗೆ ಆಗುತ್ತಿಲ್ಲ ಎಂದುಕೊಂಡು ಸಹಿ ಹಾಕಿ ಒಳಗೆ ಹೋದೆ.

ಹೋದ ತಿಂಗಳು ಕೇಬಲ್ ಎಳೆದಾಗ, ಪ್ರೊಜೆಕ್ಟರ್ ಕಡೆಯ ತುದಿಯಲ್ಲಿ ನನ್ನ ಕರಿ ಟೇಪು ಇನ್ನೂ ಇತ್ತು. ಅಂಟು ಒಣಗಿದ್ದರಿಂದ ತಾನಾಗಿಯೇ ಬಿಚ್ಚಿಕೊಂಡಿತು. ಅದರಡಿ ಗುಂಡು ಗುಂಡಾದ ಅಕ್ಷರ: ‘ಪೆಟ್ಟಿಗೆ ಕಡೆ’. ತಲೆ ಇರಬೇಕಾದ ಕಡೆ ನಾನು ಬಾಲ ಸಿಕ್ಕಿಸಿದ್ದೆ. ಬೇರೆ ಯಾರನ್ನೂ ಕರೆಸದೆ ಅಷ್ಟು ವರ್ಷ ಹಾಗೇ ಬಿಟ್ಟಿದ್ದ ಪ್ರೊಜೆಕ್ಟರನ್ನು ಇನ್ನೂ ಕಟ್ಟಿಟ್ಟಿರಲಿಲ್ಲ. ಕೇಬಲ್ಲನ್ನು ನೆಲದ ಮೇಲೆ ಹಾಸಿ, ಚೀಟಿಯಲ್ಲಿದ್ದಂತೆ ಸಿಕ್ಕಿಸಿದೆ. ಖಾಲಿ ಗೋಡೆಯ ಮೇಲೆ ಚಿತ್ರ ಮೂಡಿತು. ಒಂದು ಚುಕ್ಕೆಯೂ ಅಲುಗಲಿಲ್ಲ. ಹೆಂಡತಿ ನೋಡಿದಳು, ಚೀಟಿ ಓದಿದಳು, ಒಳಗೆ ಹೋದಳು.

ಅವರ ಹಳೆಯ ನಂಬರು ಈಗ ಇಲ್ಲ. ನನಗೆ ಕೋಚಿಂಗ್ ಸೆಂಟರಿನ ವಿಜಯವಾಡದ ಶಾಖೆಗೇ ವರ್ಗವಾಗಿದೆ. ಬಂದ ಮರುದಿನವೇ ಆ ಗೇಟಿಗೆ ಹೋದೆ. ಬೇರೆ ಯಾರೋ ಕುಳಿತಿದ್ದರು. ಹಿಂದಿನವರು ಬಿಟ್ಟು ಹೋಗಿ ಬಹಳ ದಿನವಾಯಿತು, ಎಲ್ಲಿಗೆಂದು ಗೊತ್ತಿಲ್ಲ ಎಂದರು. ಈಗ ಯಾವ ಗೇಟಿನ ಮುಂದೆ ಹಾದರೂ ಕುಳಿತವರ ಮುಖ ನೋಡುತ್ತೇನೆ...

ನಿನ್ನೆ ಅದೇ ವಾಟ್ಸಾಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ತಪ್ಪು ನನ್ನದು, ಸುಳ್ಳು ನನ್ನದು, ಅವರ ಕೆಲಸ ಅಪ್ಪಟವಾಗಿತ್ತು ಎಂದೆ. ಕೆಲವರು ಕೈ ಮುಗಿದ ಚಿತ್ರ ಹಾಕಿದರು. ಆಗ ನನ್ನ ಮಾತು ಕೇಳಿ ಅವರನ್ನು ಕರೆಯುವುದು ಬಿಟ್ಟಿದ್ದವರೊಬ್ಬರು ಇವತ್ತು ಬೆಳಿಗ್ಗೆ ಉತ್ತರ ಬರೆದಿದ್ದಾರೆ: ‘ಯಾವ ಮೇಸ್ತ್ರಿ ಸಾರ್? ಅಷ್ಟು ಒಳ್ಳೆಯವರಾದರೆ ನಂಬರ್ ಕೊಡಿ. ನಮ್ಮ ಮನೆಯಲ್ಲೂ ಕೆಲಸ ಇದೆ.’