ಟೆಕ್ಲಾ ಮನೆಗೆ ಹಚ್ಚಿದ ಕಲ್ಲು

ಫ್ಲೋರಿಯಾನ್ ವೊಯ್ತಾಕ್ ಮೂವತ್ತೆರಡು ವರ್ಷ ಮಾಡಿದ ಕೆಲಸ ಇಷ್ಟೇ: ಇಟ್ಟಿಗೆ ಗೋಡೆಗೆ ಇಟ್ಟಿಗೆಯದೇ ಕೆಂಪು ಬಣ್ಣ ಬಳಿಯುವುದು, ಅದು ಒಣಗಿದ ಮೇಲೆ ಸಂದುಸಂದಿಗೂ ಸಣ್ಣ ಕುಂಚದಲ್ಲಿ ಬಿಳಿ ಗೆರೆ ಎಳೆಯುವುದು. ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಏಣಿಯ ತುದಿಯಲ್ಲಿ ನಿಂತು ಒಂದೇ ಒಂದು ಗೆರೆ ನೆಟ್ಟಗೆ ಎಳೆದು ತೋರಿಸಲಿ, ಆಮೇಲೆ ಮಾತಾಡೋಣ. ಬಾಲ್ಟಿಮೋರ್‌ನ ಪೂರ್ವಕ್ಕೆ, ಬಂದರಿನ ಪಕ್ಕದ ಪೋಲಿಷರ ಬೀದಿಗಳಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಇಟ್ಟಿಗೆ ಮೆದು, ಬಣ್ಣ ತಪ್ಪಿದರೆ ಮಳೆನೀರು ಕುಡಿದು ಪುಡಿಯಾಗುತ್ತದೆ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಪ್ರತಿ ಮನೆಯ ಹೆಂಗಸೂ ಅವನಿಗೆ ಹೇಳಿಕಳಿಸಲೇಬೇಕು. ಅವನು ಗೆರೆ ಎಳೆಯುವ ದಿನ ಎದುರು ಸಾಲಿನವರು ತಮ್ಮ ಬಿಳಿ ಅಮೃತಶಿಲೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ದಾರ ಕಟ್ಟುತ್ತಿರಲಿಲ್ಲ, ಪಟ್ಟಿ ಇಡುತ್ತಿರಲಿಲ್ಲ. ಕೈ ಹೋದದ್ದೇ ಗೆರೆ. ಹೆಂಡತಿ ಸತ್ತು ಒಂಟಿಯಾದ ಮೇಲಂತೂ ಅವನಿಗೆ ಆ ಕೈಯೊಂದನ್ನು ಬಿಟ್ಟರೆ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ಹೆನ್ರಿಕ್ ಸ್ಕಿಬಾ ಒಂಬತ್ತು ವರ್ಷ ಅವನ ಕೈಕೆಳಗೆ ಪಳಗಿದವನು. ಬೀದಿಯ ಮೂಲೆಮನೆಯ ಟೆಕ್ಲಾಳ ಮಗ. ಯುದ್ಧಕ್ಕೆ ಹೋದವನು ವಾಪಸು ಬಂದಾಗ ಮೈಮೇಲೆ ಸೂಟು, ಬಾಯಲ್ಲಿ ಸಕ್ಕರೆ. ಮನೆಯ ಮುಂಗೋಡೆಗೆ ಕಲ್ಲು ಹೊದಿಸುವ ಕಂಪನಿಯೊಂದರ ಮಾರಾಟಗಾರನಾಗಿದ್ದ. ಕಲ್ಲಾದರೂ ಎಂಥ ಕಲ್ಲು? ಬಣ್ಣ ಕಲೆಸಿದ ಸಿಮೆಂಟನ್ನು ಗೋಡೆಗೆ ಮೆತ್ತಿ, ಸುಕ್ಕಾದ ಮೇಣದ ಕಾಗದ ಒತ್ತಿ ಒರಟು ಮಾಡಿ, ಚಾಕುವಿನಲ್ಲಿ ಸಂದು ಕೊರೆದು, ಮೇಲೆ ಅಭ್ರಕದ ಪುಡಿ ಎರಚಿದರೆ ಆಯಿತು. ಬಿಸಿಲಿಗೆ ಮಿಣಮಿಣ ಅನ್ನುತ್ತಿತ್ತು. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು.

ಇಷ್ಟೇ ಆಗಿದ್ದರೆ ಫ್ಲೋರಿಯಾನ್ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದನೇನೋ. ಆದರೆ ಹೆನ್ರಿಕ್ ಮನೆಮನೆಗೆ ಹೋದದ್ದು ಹೇಗೆ ಗೊತ್ತೆ? ಯಾವ ಮನೆಗೆ ಯಾವ ವರ್ಷ ಬಣ್ಣದ ಸರದಿ, ಯಾವ ಗೋಡೆ ಎಲ್ಲಿ ಉದುರುತ್ತದೆ, ಯಾವ ಅಮ್ಮನಿಗೆ ಏಣಿ ಕಂಡರೆ ತಲೆನೋವು, ಎಲ್ಲವೂ ಅವನಿಗೆ ಬಾಯಿಪಾಠ. ಕಲಿಸಿದವನು ಫ್ಲೋರಿಯಾನ್. ಸರಿಯಾಗಿ ಸರದಿ ಬಂದ ವಾರವೇ ಹೋಗಿ ಬಾಗಿಲು ತಟ್ಟುತ್ತಿದ್ದ. ಮೇಸ್ತ್ರಿ ಬಕೆಟ್ಟು ಹಿಡಿದು ಬರುವ ಹೊತ್ತಿಗೆ ಗೋಡೆಯ ಮೇಲೆ ಹಸಿ ಸಿಮೆಂಟು.

ಇದಕ್ಕೆ ಉಪ್ಪುಖಾರ ಹಚ್ಚಿದ್ದು ಪರಮ ಪ್ರಸಾದದ ಹಬ್ಬದ ದಿನ ಆಡಿದ ಮಾತು. ಮೆರವಣಿಗೆ ಮುಗಿದು ಚರ್ಚಿನ ಅಂಗಳದಲ್ಲಿ ಎಲ್ಲರೂ ಬಿಯರು ಹಿಡಿದು ನಿಂತಿದ್ದಾಗ, ಯಾರೋ ಹೆಂಗಸು ಕೇಳಿದಳು, ಹಾಗಾದರೆ ಫ್ಲೋರೆಕ್‌ಗೆ ಏನು ಗತಿ ಎಂದು; ಫ್ಲೋರಿಯಾನನನ್ನು ಬೀದಿಯವರು ಸಲಿಗೆಯಿಂದ ಕರೆಯುತ್ತಿದ್ದದ್ದು ಹಾಗೆ.

"ಮೇಸ್ತ್ರಿ ಬಳಿಯೋದು ಲಿಪ್‌ಸ್ಟಿಕ್ ಕಣಮ್ಮ," ಅಂದ ಹೆನ್ರಿಕ್. "ಮುದುಕಿ ತುಟಿಗೆ ಬಳಿದ ಹಾಗೆ. ಊಟ ಮಾಡಿದ್ರೆ ಹೋಯ್ತು, ಮತ್ತೆ ಬಳೀಬೇಕು."

ಅಂಗಳಕ್ಕೆ ಅಂಗಳವೇ ನಕ್ಕಿತು. ಫ್ಲೋರಿಯಾನ್ ಎರಡು ಮಾರು ದೂರದಲ್ಲೇ ನಿಂತಿದ್ದ. ಅಂದಿನಿಂದ ಬೀದಿಯಲ್ಲಿ ಅವನ ಹೆಸರು ಲಿಪ್‌ಸ್ಟಿಕ್. ಐವತ್ನಾಲ್ಕರ ಗಂಡಸಿಗೆ, ಅಂಥ ಕೈಯಿರುವ ಗಂಡಸಿಗೆ, ಇಂಥ ಹೆಸರು. ಅವನು ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಇವನ ಮುಖಕ್ಕೆ ಮಸಿ ಬಳಿಯದಿದ್ದರೆ ನಾನು ವೊಯ್ತಾಕನೇ ಅಲ್ಲ ಎಂದು ಅಡುಗೆಮನೆಯ ಮೇಜಿಗೆ ಗುದ್ದಿ ಹೇಳಿಕೊಂಡ.

ಅವಕಾಶ ತಾನಾಗಿಯೇ ನಡೆದು ಬಂತು, ಅದೂ ಅಕ್ಟೋಬರಿನಲ್ಲಿ. ಚರ್ಚಿನ ಬೀದಿಯಲ್ಲಿ ಇನ್ನೂ ನಲವತ್ತೆರಡು ಮನೆಗಳು ಕಲ್ಲು ಹೊದೆಯದೆ ಉಳಿದಿದ್ದವು. ಆ ಹೆಂಗಸರೆಲ್ಲ ಸೇರಿ ಹೆನ್ರಿಕ್‌ನ ಹತ್ತಿರ ಪಟ್ಟು ಹಿಡಿದರು: ಮೊದಲು ನಿನ್ನ ಅಮ್ಮನ ಮನೆಗೆ ಹಾಕು, ಒಂದು ಚಳಿಗಾಲ ನಿಲ್ಲಲಿ, ಈಸ್ಟರ್‌ಗೆ ನೋಡಿ ಹೇಳುತ್ತೇವೆ. ಮೂಲೆಮನೆ, ಎರಡು ಬೀದಿಗೂ ಕಾಣುವ ಗೋಡೆ. ಸಂದು ಕೊರೆಯುವವನ ಕೈ ಸ್ವಲ್ಪ ಅಲುಗಿದರೂ ಊರಿಗೆಲ್ಲ ಕಾಣುತ್ತದೆ. ಹೆನ್ರಿಕ್ ಹ್ಯಾಟು ಕೈಯಲ್ಲಿ ಹಿಡಿದು ಫ್ಲೋರಿಯಾನನ ಬಾಗಿಲಿಗೆ ಬಂದ.

"ಮೇಸ್ತ್ರಿ, ನಮ್ಮಮ್ಮನ ಮನೆ ಸಂದು ನೀವೇ ಕೊರೀಬೇಕು. ನಿಮ್ಮ ಕೈ ಇನ್ಯಾರಿಗಿದೆ?"

"ಲಿಪ್‌ಸ್ಟಿಕ್ ಬಳಿಯೋ ಕೈಯಲ್ವಾ ಇದು?"

"ಬಿಡಿ ಮೇಸ್ತ್ರಿ, ಕುಡಿದಾಗ ಆಡಿದ ಮಾತು. ಮನಸ್ಸಲ್ಲಿ ಇಟ್ಕೋತೀರಾ?"

"ನಾನಾ? ಯಾವತ್ತೋ ಮರೆತೆ," ಅಂದ ಫ್ಲೋರಿಯಾನ್. ಆ ಮಾತು ಹೇಳುವಾಗಲೇ ಅವನ ತಲೆಯಲ್ಲಿ ಆ ಮೂಲೆಮನೆಯ ಗೋಡೆ ಬಂದು ನಿಂತಿತ್ತು.

ಯಾಕೆಂದರೆ ಆ ಗೋಡೆಯ ಗುಟ್ಟು ಅವನೊಬ್ಬನಿಗೇ ಗೊತ್ತು. ಟೆಕ್ಲಾ ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ವರ್ಷ, ಪರಮ ಪ್ರಸಾದದ ಹಬ್ಬಕ್ಕೆಂದು ತವರಿನ ಹಳ್ಳಿಯಲ್ಲಿ ಮಾಡುವ ಹಾಗೆಯೇ ಮನೆಯ ಮುಂಗೋಡೆಗೆಲ್ಲ ಸುಣ್ಣ ಹೊಡೆದುಬಿಟ್ಟಿದ್ದಳು. ಕೆಂಪು ಸಾಲಿನ ನಡುವೆ ಒಂದೇ ಬಿಳಿ ಮನೆ. ಬೀದಿಯವರು ಕೋಳಿಗೂಡು ಎಂದು ಆಡಿಕೊಂಡರು. ಗಂಡ ನಾಚಿ ಫ್ಲೋರಿಯಾನನನ್ನು ಕರೆಸಿದ. ಇಪ್ಪತ್ತೆರಡರ ಹುಡುಗು ವಯಸ್ಸು, ಸ್ವಂತವಾಗಿ ಹಿಡಿದ ಮೊದಲ ಗೋಡೆ, ಮೆರವಣಿಗೆಗೆ ಎರಡೇ ದಿನ. ಸುಣ್ಣವನ್ನು ಪೂರ್ತಿ ಕೆರೆದು ತೆಗೆಯದೆ ಬಣ್ಣ ಬಳಿಯಬಾರದು; ಸುಣ್ಣದ ಮೇಲೆ ಯಾವುದೂ ಹಿಡಿಯುವುದಿಲ್ಲ. ಅದು ಗೊತ್ತಿದ್ದೂ ಅವನು ಕೆರೆದಂತೆ ಮಾಡಿ ಮೇಲೆಯೇ ಬಳಿದುಬಿಟ್ಟ. ಜೀವಮಾನದಲ್ಲಿ ಮಾಡಿದ ಒಂದೇ ಒಂದು ಕೊಳಕು ಕೆಲಸ. ಆಮೇಲೆ ಅದು ಸಿಪ್ಪೆ ಏಳದಂತೆ ಎರಡು ವರ್ಷಕ್ಕೊಮ್ಮೆ ತಾನೇ ಹೋಗಿ, ಮಗುವಿನ ಮೈ ಒರೆಸುವ ಹಾಗೆ ತೆಳ್ಳಗೆ ಬಳಿದು ಕಾಪಾಡಿಕೊಂಡು ಬಂದಿದ್ದ. ಬಣ್ಣದ ತೂಕ ಎಷ್ಟು ಮಹಾ? ಸುಣ್ಣ ತಡೆದುಕೊಂಡಿತ್ತು. ಎರಡಂಗುಲ ಸಿಮೆಂಟಿನ ತೂಕವನ್ನು ಅದು ತಡೆಯುವುದಿಲ್ಲ.

ಕೆಲಸ ಶುರುವಾದ ಬೆಳಗ್ಗೆ ಕಂಪನಿಯ ಸಿಮೆಂಟಿನ ಮೇಸ್ತ್ರಿ ಲುಡ್ವಿಕ್ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಅವನು ಕಸುಬುದಾರ, ಅವನ ಬಗ್ಗೆ ಕೆಟ್ಟ ಮಾತಿಲ್ಲ. ಗಟ್ಟಿ ಬಣ್ಣದ ಗೋಡೆಯಾದರೆ ಬರೀ ತೊಳೆದು ಸಿಮೆಂಟನ್ನು ನೇರವಾಗಿ ಮೆತ್ತುತ್ತಿದ್ದ. ಅಡಿಯಲ್ಲಿ ಸುಣ್ಣ ಇದ್ದರೆ ಮೊದಲು ಕಬ್ಬಿಣದ ಜಾಲರಿ ಹೊದಿಸಿ, ಇಟ್ಟಿಗೆಗೆ ಉದ್ದ ಮೊಳೆ ಹೊಡೆದು, ಅದರ ಮೇಲೆ ಮೆತ್ತುತ್ತಿದ್ದ. ಸುಣ್ಣ ಇದೆಯೋ ಇಲ್ಲವೋ ಎಂದು ಬಣ್ಣ ಬಳಿದವನನ್ನೇ ಕೇಳುವುದು ಆ ಕಸುಬಿನ ಪದ್ಧತಿ. ಬಣ್ಣದವನ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

"ನಿಮ್ದೇ ಗೋಡೆಯಲ್ವಾ ಇದು?" ಕೇಳಿದ ಲುಡ್ವಿಕ್. "ಅಡೀಲಿ ಸುಣ್ಣ ಏನಾದ್ರೂ?"

"ಇಲ್ಲ," ಅಂದ ಫ್ಲೋರಿಯಾನ್.

"ಜಾಲರಿ ಬೇಡ ಹಾಗಾದ್ರೆ."

"ಬೇಡ."

ಅಷ್ಟೇ. ಆಮೇಲೆ ಅವನು ಏಣಿ ಹತ್ತಿ ಮೂರು ದಿನ ಸಂದು ಕೊರೆದ. ಅದೆಂಥ ಕೆಲಸ ಅಂತೀರಿ! ಒಂದು ಕಲ್ಲಿನಂತೆ ಇನ್ನೊಂದಿಲ್ಲ, ಆದರೂ ಕಣ್ಣಿಗೆ ಎಲ್ಲೂ ಎಡವಿಲ್ಲ. ಬೀಳುವ ಗೋಡೆಗೆ ಇಷ್ಟು ಚೆಂದ ಯಾಕೆ ಎಂದು ಕೇಳಿದರೆ, ಬೀಳುವಾಗ ಜನ ಮರುಗಬೇಕಲ್ಲ, ಅದಕ್ಕೆ. ಪ್ರತಿ ಸಂದು ಕೊರೆಯುವಾಗಲೂ ಹೆನ್ರಿಕ್‌ನ ಮುಖ ಸಪ್ಪಗಾಗುವುದನ್ನು ಕಣ್ಣಾರೆ ಕಂಡಂತೆ ಸುಖಪಟ್ಟ.

ಚಳಿಗಾಲ ಬಂತು. ಹಿಮ ಬಿತ್ತು, ಕರಗಿತು, ಮತ್ತೆ ಹೆಪ್ಪುಗಟ್ಟಿತು. ಫ್ಲೋರಿಯಾನ್ ದಿನಕ್ಕೆರಡು ಸಲ ಮೂಲೆಮನೆಯ ಮುಂದೆ ಹಾದುಹೋಗುತ್ತಿದ್ದ. ಜನವರಿಯಲ್ಲಿ ಮೇಲಿನ ಕಿಟಕಿಯ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಫೆಬ್ರುವರಿಯಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ನೋಡುವವರಿಗೆ ಕಾಣದು, ಅವನಿಗೆ ಕಂಡಿತು. ಅವನ ಸಂತೋಷಕ್ಕೆ ಅಡ್ಡಿಯಾದದ್ದು ಒಂದೇ: ಪ್ರತಿ ಶನಿವಾರ ಟೆಕ್ಲಾ ಆ ಗೋಡೆಯ ಕೆಳಗೇ ಮಂಡಿಯೂರಿ, ಬ್ರಷ್ಷು ಸಾಬೂನು ಹಿಡಿದು ಬಿಳಿ ಮೆಟ್ಟಿಲು ಉಜ್ಜುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಅವಳ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ.

"ಇಷ್ಟು ಚಳೀಲಿ ಯಾಕೆ ಉಜ್ತೀಯಮ್ಮ? ಒಳಗೆ ಹೋಗು," ಎನ್ನುತ್ತಿದ್ದ.

"ಉಜ್ಜದಿದ್ರೆ ಬೀದಿಯವರು ಏನಂತಾರೋ ಫ್ಲೋರೆಕ್. ಮತ್ತೆ ಕೋಳಿಗೂಡು ಅನ್ನಿಸ್ಕೋಬೇಕಾ?"

ಅವಳು ಉಜ್ಜಿ ಮುಗಿಸುವ ತನಕ ಅಲ್ಲೇ ನಿಂತು ಗೋಡೆ ನೋಡುತ್ತಿದ್ದ, ಬೆವರುತ್ತಿದ್ದ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ದ್ವೇಷ ಅಂದರೆ ಹಾಗೇ, ಹೊಟ್ಟೆಯಲ್ಲಿ ಕೂತರೆ ಬಾಯಿಗೂ ಬೀಗ ಹಾಕುತ್ತದೆ.

ಮಾರ್ಚಿನ ಒಂದು ಶನಿವಾರ, ಬಿಸಿಲು ಚೆನ್ನಾಗಿ ಬಿದ್ದ ಹೊತ್ತು. ಬೀದಿಯ ಉದ್ದಕ್ಕೂ ಹೆಂಗಸರು ಮೆಟ್ಟಿಲು ಉಜ್ಜುತ್ತಿದ್ದರು. ಟೆಕ್ಲಾ ಬಕೆಟ್ಟಿನ ನೀರು ಬದಲಿಸಲು ಒಳಗೆ ಹೋದಳು. ಬಾಗಿಲು ಮುಚ್ಚಿದ್ದೇ ತಡ, ಮೇಲಿನ ಕಿಟಕಿಯಿಂದ ಕೆಳಗಿನವರೆಗೆ ಇಡೀ ಹೊದಿಕೆ ಒಂದು ಹಾಳೆಯಂತೆ ಮುಂದಕ್ಕೆ ಬಾಗಿ, ಮೆಟ್ಟಿಲ ಮೇಲೆ ಬಿದ್ದು ಚೂರಾಯಿತು. ಮೇಲಿನ ಮೆಟ್ಟಿಲು ಎರಡು ಹೋಳು.

ಫ್ಲೋರಿಯಾನ್ ಎಂದಿನಂತೆ ಎದುರಿಗೇ ನಿಂತಿದ್ದ. ಬಾಗಿಲು ತೆರೆದು ಟೆಕ್ಲಾಳ ತಲೆ ಹೊರಗೆ ಬಂದದ್ದನ್ನು ಕಂಡ ಮೇಲೆಯೇ ಅವನಿಗೆ ಉಸಿರು ಬಂದದ್ದು. ಉಸಿರು ಬಂದ ಹಿಂದೆಯೇ ಸುಖವೂ ಬಂತು. ಬೀದಿಗೆ ಬೀದಿಯೇ ಸೇರಿತ್ತು. ನಲವತ್ತೆರಡು ಮನೆಯ ಹೆಂಗಸರು ಒದ್ದೆ ಕೈ ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ಹೆನ್ರಿಕ್ ಓಡಿ ಬಂದ. ಮುಖ ಸುಟ್ಟ ಬದನೆಕಾಯಿ. ಇದಕ್ಕಾಗಿಯೇ ಕಾದಿದ್ದೆ, ನೋಡಲಿ ಎಲ್ಲರೂ ಎಂದು ಫ್ಲೋರಿಯಾನ್ ಎದೆ ಸೆಟೆಸಿ ಮುಂದೆ ಬಂದ.

ಹೆನ್ರಿಕ್‌ನ ಹಿಂದೆಯೇ ಲುಡ್ವಿಕ್ ಬಂದ. ಬಗ್ಗಿ ಒಂದು ದೊಡ್ಡ ಚೂರನ್ನು ಎತ್ತಿ ಮಗುಚಿದ. ಚೂರಿನ ಬೆನ್ನಿಗೆ ಕೆಂಪು ಬಣ್ಣ ಹಾಗೇ ಅಂಟಿಕೊಂಡಿತ್ತು. ಕೆಂಪಿನ ಮೇಲೆ ಬೆಳ್ಳಗೆ ಸುಣ್ಣದ ಪುಡಿ. ಅವನು ಬೆರಳಿನಿಂದ ಸುಣ್ಣವನ್ನು ಒರೆಸಿ, ಬಣ್ಣವನ್ನು ಉಗುರಿನಿಂದ ಕೆರೆದ; ಸಿಮೆಂಟಿನಿಂದ ಅದು ಬಿಡಲಿಲ್ಲ. ಆಮೇಲೆ ಗೋಡೆ ನೋಡಿದ. ಇಟ್ಟಿಗೆಯ ಮೇಲೆಲ್ಲ ಸುಣ್ಣ.

"ನಮ್ಮ ಸಿಮೆಂಟು ಬಿಟ್ಟಿಲ್ಲ," ಅಂದ ಲುಡ್ವಿಕ್, ಎಲ್ಲರಿಗೂ ಕೇಳುವಂತೆ. "ಬಣ್ಣ ಬಿಟ್ಟಿರೋದು. ಸುಣ್ಣ ಕೆರೀದೆ ಬಳಿದವ್ನೆ."

ಟೆಕ್ಲಾ ಮುರಿದ ಮೆಟ್ಟಿಲು ದಾಟಿ ಬಂದು ಗೋಡೆ ಮುಟ್ಟಿದಳು. "ಇದು ನಾನು ಹೊಡೆದ ಸುಣ್ಣ. ಫ್ಲೋರೆಕ್, ಪೂರ್ತಿ ಕೆರೆದೆ ಅಂದಿದ್ಯಲ್ಲೋ? ಕೆಲಸ ಮುಗಿಸಿದ ದಿನ ನಾನೇ ಸೂಪು ಕೊಟ್ಟಿದ್ದೆ ನಿನಗೆ."

ಫ್ಲೋರಿಯಾನನಿಗೆ ಆಗ ಹೊಳೆಯಿತು. ಐದು ತಿಂಗಳು ಈ ಗೋಡೆ ಬೀಳುವುದನ್ನೇ ಕನಸು ಕಂಡವನು, ಬಿದ್ದ ಮೇಲೆ ಅದರ ಹಿಂಬದಿ ಕಾಣುತ್ತದೆ ಎನ್ನುವುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಹೆಂಗಸರು ಈಗ ಹೆನ್ರಿಕ್‌ನನ್ನು ನೋಡುತ್ತಿರಲಿಲ್ಲ. ತಮ್ಮತಮ್ಮ ಗೋಡೆ ನೋಡುತ್ತಿದ್ದರು, ಆಮೇಲೆ ಫ್ಲೋರಿಯಾನನನ್ನು.

"ಹೋಗಲಿ ಬಿಡಿ," ಅಂದ ಹೆನ್ರಿಕ್. ಅವನ ದನಿಯಲ್ಲಿ ಆಗಲೇ ಸಕ್ಕರೆ ವಾಪಸು ಬಂದಿತ್ತು. "ಚಿಕ್ಕ ವಯಸ್ಸಲ್ಲಿ ಮಾಡಿದ್ದು, ಮೇಸ್ತ್ರಿಗೆ ನೆನಪಿರಲಿಲ್ಲ. ಯಾರಿಗಾದ್ರೂ ಆಗುತ್ತೆ. ನಾನು ಅವರ ಮೇಲೆ ತಪ್ಪು ಹೊರಿಸಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ಈ ಕ್ಷಮೆ ಕಿವಿಗೆ ಕಾದ ಸೀಸ ಹೊಯ್ದಂತಾಯಿತು.

"ನೆನಪಿತ್ತು," ಅಂದ ಫ್ಲೋರಿಯಾನ್.

"ಏನು ಮೇಸ್ತ್ರಿ?"

"ನೆನಪಿತ್ತು ಅಂದೆ. ಸುಣ್ಣ ಇದೆ ಅಂತ ಗೊತ್ತಿತ್ತು. ಲುಡ್ವಿಕ್ ಕೇಳಿದಾಗ ಬೇಕಂತಲೇ ಇಲ್ಲ ಅಂದೆ. ನಿನ್ನ ಮುಖಕ್ಕೆ ಮಸಿ ಬಳೀಬೇಕು ಅಂತ ಹಾಗಂದೆ. ಈ ಗೋಡೆ ಬೀಳಿಸಿದ್ದು ನಾನು."

ಪೊಲೀಸರನ್ನು ಕರೆಯಲಿ, ಕಲ್ಲು ಹೊಡೆಯಲಿ, ಕೊಲೆಗಡುಕ ಅನ್ನಲಿ ಎಂದು ಅವನು ಕಾದ. ಟೆಕ್ಲಾ ಬಂದು ಅವನ ತೋಳು ಹಿಡಿದಳು.

"ನಾನು ವಾರವಾರ ಇದರ ಕೆಳಗೇ ಕೂರ್ತಿದ್ದೆ. ಗೊತ್ತಿದ್ರೆ ನೀನು ಸುಮ್ಮನಿರ್ತಿದ್ಯೇನೋ? ನೀನು ಅಂಥವನಲ್ಲ," ಅಂದಳು. "ಕೆಲಸ ಕೆಟ್ಟಿತು ಅಂತ ಏನೇನೋ ಹೇಳ್ಬೇಡ. ಬಾ, ಕಾಫಿ ಕುಡಿ."

"ಗೊತ್ತಿತ್ತಮ್ಮ."

"ಆಯ್ತು, ಬಾ."

ಯಾರೂ ನಂಬಲಿಲ್ಲ. ಒಬ್ಬರೂ. ಕೆಟ್ಟ ಕೆಲಸ ಮುಚ್ಚಿಕೊಳ್ಳಲು ಮುದುಕ ಕೆಟ್ಟ ಮನಸ್ಸಿನ ಕಥೆ ಕಟ್ಟುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನವಾಯಿತು.

ಲುಡ್ವಿಕ್ ಜಾಲರಿ ಹೊದಿಸಿ, ಉದ್ದ ಮೊಳೆ ಹೊಡೆದು ಎರಡೇ ವಾರದಲ್ಲಿ ಗೋಡೆ ಮತ್ತೆ ಎಬ್ಬಿಸಿದ. ಹೆನ್ರಿಕ್ ಮಾತ್ರ ಬಿದ್ದ ಚೂರುಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ, ಧೂಳು ಒರೆಸಿ ಕಂಕುಳಲ್ಲಿ ಇಟ್ಟುಕೊಂಡ. ಈಸ್ಟರ್ ಆದ ವಾರವೇ ಚರ್ಚಿನ ಬೀದಿಯ ಮನೆಮನೆಗೂ ಹೊರಟ. ಫ್ಲೋರಿಯಾನನ ಎದುರುಮನೆಯ ವಿಧವೆ ಗಿಯೆನ್ಯಾಳ ಬಾಗಿಲಿಗೂ ಬಂದ. ಫ್ಲೋರಿಯಾನನ ಕಿಟಕಿ ತೆರೆದಿತ್ತು, ಅವನಿಗೆ ಎಲ್ಲ ಕೇಳಿಸುತ್ತಿತ್ತು.

"ನೀವೇ ಕೆರೆದು ನೋಡಿ ಅಮ್ಮ," ಎನ್ನುತ್ತಿದ್ದ ಹೆನ್ರಿಕ್, ಚೂರನ್ನು ಮಗುಚಿ ಹಿಡಿದು. "ಮೇಸ್ತ್ರಿ ಬಣ್ಣ ಗೋಡೆ ಬಿಡ್ತು. ನಮ್ಮ ಸಿಮೆಂಟು ಮೇಸ್ತ್ರಿ ಬಣ್ಣಾನೂ ಬಿಡಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

ಗಿಯೆನ್ಯಾ ಕೆರೆದು ನೋಡಿದಳು. ಬಿಡಲಿಲ್ಲ.

ಫ್ಲೋರಿಯಾನ್ ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ ಬಂದ. "ಅವನ ಮಾತು ಕೇಳ್ಬೇಡ ಗಿಯೆನ್ಯಾ. ಅದು ತಾನಾಗಿ ಬೀಳಲಿಲ್ಲ. ನಾನೇ ಬೀಳಿಸಿದ್ದು. ಬೇಕಂತಲೇ ಬೀಳಿಸಿದ್ದು."

ಅವಳು ಅವನ ಬರಿಗಾಲು ನೋಡಿದಳು.

"ಹೂಂ ಫ್ಲೋರೆಕ್, ನೀನೇ ಬೀಳಿಸ್ದೆ," ಅಂದಳು. "ಒಳಗೆ ಹೋಗಪ್ಪ, ನೆಲ ತಣ್ಣಗಿದೆ." ಆಮೇಲೆ ಹೆನ್ರಿಕ್‌ನ ಕಡೆ ತಿರುಗಿ ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು.