ಖಾರ್ಟೂಮಿನ ಮೂರನೆಯ ಹೋಟೆಲು

ಎರಡು ದಿನದ ಪ್ರವಾಸಕ್ಕೂ ಇನ್ನೂರು ರಿವ್ಯೂ ಓದದೆ ಹೋಟೆಲು ಬುಕ್ ಮಾಡುವವಳಲ್ಲ ನಾನು. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ, ನಾನು ಜವಾಬ್ದಾರಿ ಎನ್ನುತ್ತೇನೆ. ಹಾಗಾಗಿ ಅವರು ಸುಡಾನಿನ ರಾಜಧಾನಿ ಖಾರ್ಟೂಮಿಗೆ ನಲವತ್ತು ದಿನದ ಕೆಲಸಕ್ಕೆ ಹೊರಟು ನಿಂತಾಗ, ಅಲ್ಲಿ ಉಳಿಯುವ ಹೋಟೆಲನ್ನು ಆರಿಸುವ ಕೆಲಸವನ್ನು ಯಾರೂ ಹೇಳದಿದ್ದರೂ ನಾನೇ ಮೈಮೇಲೆ ಹಾಕಿಕೊಂಡೆ.

ಆಗ ನಾವಿದ್ದ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಗಣಿ ಕಂಪನಿಗಳ ಸುಗ್ಗಿ ಮುಗಿದು, ಎಂಜಿನಿಯರುಗಳು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆಗೆ ಬರುತ್ತಿದ್ದ ಕಾಲ. ನನ್ನ ಗಂಡ ಪಂಪುಗಳ ಎಂಜಿನಿಯರು. ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಿಂದ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದವರು ಹನ್ನೊಂದು ತಿಂಗಳು ಕ್ಯಾಲಮ್‌ವೇಲಿನ ನಮ್ಮ ಮನೆಯ ಹುಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಕತ್ತರಿಸಿದರು. ಕೊನೆಗೆ ಅಡಿಲೇಡಿನ ಒಂದು ಕಂಪನಿ ಕರೆಯಿತು. ನೈಲ್ ನದಿಯ ದಂಡೆಯ ಹೊಲಗಳಿಗೆ ನೀರೆತ್ತುವ ಪಂಪುಗಳನ್ನು ಕೂರಿಸಬೇಕು, ಏಪ್ರಿಲಿನಲ್ಲೇ ಹೊರಡಬೇಕು. ಈ ಕೆಲಸ ಚೆನ್ನಾಗಿ ಆದರೆ ಮುಂದೆ ಕಾಯಂ ಮಾಡಿಕೊಳ್ಳುವ ಮಾತೂ ಇತ್ತು. ಏಪ್ರಿಲಿನಲ್ಲಿ ಖಾರ್ಟೂಮಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಕರೆಂಟು ಹೋಗುವುದು ಅಲ್ಲಿ ಮಾಮೂಲು ಎಂದು ಓದಿದಾಗ ನನಗೆ ಹೆದರಿಕೆ ಶುರುವಾಯಿತು.

ಬಿಸಿಲಿಗೆ ಹೆದರಿದ್ದಲ್ಲ. ನನ್ನ ಗಂಡ ಎಂಟು ವರ್ಷದಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅದನ್ನು ತಣ್ಣಗಿಡಬೇಕು, ಆದರೆ ಹೆಪ್ಪುಗಟ್ಟಲೂ ಬಿಡಬಾರದು. ಕೆಟ್ಟುಹೋದರೆ ಹಾಲಿನ ಹಾಗೆ ಒಡೆದು ತೋರಿಸುವುದಿಲ್ಲ. ಎಷ್ಟೋ ಸಲ ನೋಡಲು ಮೊದಲಿನ ಹಾಗೇ ಇರುತ್ತದೆ. ಚುಚ್ಚಿಕೊಂಡವರಿಗೆ ಸಕ್ಕರೆ ಏರಿ ತಲೆ ಸುತ್ತಿದ ಮೇಲೇ ಗೊತ್ತಾಗುವುದು. ಇದಿಷ್ಟು ಸಾಲದೆಂಬಂತೆ, ಇದು ನಮ್ಮ ಮನೆಯ ಗುಟ್ಟೂ ಆಗಿತ್ತು. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ, ಐಸ್‌ಕ್ರೀಮಿನ ಹಳೆಯ ಡಬ್ಬಿಯೊಳಗೆ ಅದರ ವಾಸ. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಇವರು ಕೈ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಅಲ್ಲೇ ಚುಚ್ಚಿಕೊಂಡು ಬರುತ್ತಿದ್ದರು. ಕಂಪನಿಯ ಡಾಕ್ಟರಿಗೆ ಎಲ್ಲ ತಿಳಿಸಿದ್ದರು, ಅವರು ಹೋಗಬಹುದು ಎಂದು ಬರೆದುಕೊಟ್ಟಿದ್ದರು. ಬೇರೆ ಯಾರಿಗೂ ತಿಳಿಯಕೂಡದು. "ಸೂಜಿ ಚುಚ್ಕೊಳ್ಳೋನು ಅಂತ ಗೊತ್ತಾದ್ರೆ ಎಲ್ರೂ ನನ್ನ ರೋಗಿ ಥರಾನೇ ನೋಡ್ತಾರೆ ಕಣೆ," ಎನ್ನುತ್ತಿದ್ದರು. ಹನ್ನೊಂದು ತಿಂಗಳು ಮನೆಯಲ್ಲಿ ಕೂತ ಮನುಷ್ಯನ ಹತ್ತಿರ ನಾನೂ ಹೆಚ್ಚು ವಾದ ಮಾಡಲಿಲ್ಲ.

ಕಂಪನಿ ಅಡಿಲೇಡಿನದಾದರೂ ಪ್ರಯಾಣದ ಏರ್ಪಾಡು ನೋಡುವವನು ಪರ್ತ್‌ನಲ್ಲಿದ್ದ. ಅವನಿಗೂ ನಮಗೂ ಎರಡು ಗಂಟೆಯ ವ್ಯತ್ಯಾಸ, ಅಡಿಲೇಡಿನದು ಅದರ ನಡುವೆ ಒಂದು ಅರ್ಧ ಗಂಟೆ. ಒಂದೇ ದೇಶದೊಳಗೆ ಫೋನು ಮಾಡಲು ನಾನು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದೆ. ಅವನು ಮೂರು ಹೋಟೆಲುಗಳ ಪಟ್ಟಿ ಕಳಿಸಿ, ಮೂರೂ ಚೆನ್ನಾಗಿವೆ, ನೋ ವರೀಸ್, ಗುರುವಾರ ಆರ್ವೋ, ಅಂದರೆ ಮಧ್ಯಾಹ್ನದ ಒಳಗೆ ಒಂದನ್ನು ಹೇಳಿಬಿಡಿ ಎಂದ. ನಾನು ಎಕ್ಸೆಲ್ಲಿನಲ್ಲಿ ಹದಿನಾಲ್ಕು ಕಾಲಮ್ಮುಗಳ ಪಟ್ಟಿ ಮಾಡಿದೆ. ಈಜುಕೊಳ, ಸಸ್ಯಾಹಾರ, ವಿಮಾನ ನಿಲ್ದಾಣದಿಂದ ದೂರ, ರೂಮಿನಲ್ಲಿ ಫ್ರಿಜ್ಜು, ಜನರೇಟರು, ಎಲ್ಲವೂ ಇತ್ತು. ಹದಿನಾಲ್ಕರಲ್ಲಿ ಹದಿಮೂರು ಅಂಕ ಗಳಿಸಿ ಮೊದಲನೆಯ ಹೋಟೆಲು ಗೆದ್ದಿತು. ಗಾಜಿನ ಕಟ್ಟಡ, ನದಿಯ ನೋಟ. ನನಗೆ ಒಳಗೊಳಗೇ ಜಂಬ.

ಆ ಜಂಬವನ್ನು ಯಾರಿಗಾದರೂ ತೋರಿಸಬೇಕಿತ್ತು. ಹತ್ತಿರದ ರನ್‌ಕಾರ್ನ್ ಬಡಾವಣೆಯಲ್ಲಿದ್ದ, ನಾವು ಆಂಟಿ ಎಂದು ಕರೆಯುವವರ ಮನೆಗೆ ಹೋದೆ. ಮಂಗಳೂರು ಕಡೆಯ ಕ್ಯಾಥೊಲಿಕ್ಕರು, ಅರವತ್ತರ ಆಸುಪಾಸು. ಸನ್ನಿಬ್ಯಾಂಕಿನ ತರಕಾರಿ ಅಂಗಡಿಯಲ್ಲಿ ಕೊನೆಯ ನುಗ್ಗೆಕಾಯಿ ಕಟ್ಟಿಗೆ ಇಬ್ಬರೂ ಒಟ್ಟಿಗೇ ಕೈ ಹಾಕಿ, ಅರ್ಧರ್ಧ ಹಂಚಿಕೊಂಡ ದಿನದಿಂದ ಪರಿಚಯ. ಕುವೈತಿನ ದೊಡ್ಡ ಹೋಟೆಲೊಂದರಲ್ಲಿ ಲಾಂಡ್ರಿಗೆ ಸೇರಿ, ಇಪ್ಪತ್ತೆರಡು ವರ್ಷ ದುಡಿದು, ಕೋಣೆಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗಿನ ಸೂಪರ್‌ವೈಸರ್ ಆಗಿ ಬಿಟ್ಟು ಬಂದವರು. ಅವರು ಹೊಗಳಿದರೆ ಅದಕ್ಕೊಂದು ತೂಕ ಎಂದು ನನ್ನ ಆಸೆ.

ಆಂಟಿ ಕನ್ನಡಕ ಹಾಕಿಕೊಂಡು ನನ್ನ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. "ಚಂದ ಮಾಡಿದ್ದಿ ಮಾರಾಯ್ತಿ," ಎಂದರು. ನಾನು ಇನ್ನೂ ಹಿಗ್ಗುವ ಮೊದಲೇ, "ಇದೆಲ್ಲ ಎಲ್ಲರಿಗೂ ಬೇಕಾದ್ದೇ. ನಿನ್ನ ಗಂಡನಿಗೆ ಮಾತ್ರ ಬೇಕಾದ್ದು, ಇಲ್ಲದಿದ್ರೆ ಆಗುದೇ ಇಲ್ಲ ಅಂತ ಇರುವಂಥದ್ದು ಎಂತ? ಒಂದು ಹೇಳು," ಎಂದು ಕೇಳಿದರು.

ನಾನು ಸಸ್ಯಾಹಾರ ಎಂದೆ. ಅವರು ಅದಲ್ಲ ಎಂಬಂತೆ ತಲೆಯಾಡಿಸಿದರು. ಮಲಗಲು ಸದ್ದಿಲ್ಲದ ಜಾಗ ಎಂದೆ. ಅದಕ್ಕೂ ತಲೆಯಾಡಿಸಿ, ನನ್ನ ಮುಖವನ್ನೇ ನೋಡುತ್ತ ಕೂತರು. ಸುಳ್ಳು ಹೇಳಿದರೆ ತಕ್ಷಣ ಗೊತ್ತಾಗುವ ನೋಟ ಅದು. ನನಗೆ ತಡೆಯಲಾಗಲಿಲ್ಲ. ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟನ್ನು ಎರಡು ನಿಮಿಷದಲ್ಲಿ ಹೇಳಿಬಿಟ್ಟೆ.

ಆಂಟಿ ಅಯ್ಯೋ ಪಾಪ ಎನ್ನಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಾನೊಮ್ಮೆ ಒಬ್ಬರ ಇನ್ಸುಲಿನ್ ಹಾಳು ಮಾಡಿದ್ದೇನೆ," ಎಂದರು.

ಹೋಟೆಲು ಕೋಣೆಗಳಲ್ಲಿ ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಗೆ ಕೀ ಕಾರ್ಡು ಸಿಕ್ಕಿಸಿದರೆ ಮಾತ್ರ ಕರೆಂಟು ಬರುವುದು ಗೊತ್ತಲ್ಲ. ಕುವೈತಿನ ಆ ಅತಿಥಿ ಹೊರಗೆ ಹೋಗುವಾಗ ಫ್ರಿಜ್ಜು ಆರಬಾರದೆಂದು ಆ ಪೆಟ್ಟಿಗೆಗೆ ಬೇರೊಂದು ಹಳೆಯ ಕಾರ್ಡು ಸಿಕ್ಕಿಸಿಟ್ಟು ಹೋಗುತ್ತಿದ್ದರಂತೆ. "ಕರೆಂಟ್ ಉಳಿಸ್ಬೇಕು ಅಂತ ನಮಗೆ ಆರ್ಡರ್. ಕ್ಲೀನ್ ಮಾಡಿ ಹೋಗುವಾಗ ನಾನು ಕಾರ್ಡ್ ತೆಗೆದು ಟೇಬಲ್ ಮೇಲೆ ಇಟ್ಟೆ. ಮೂರು ದಿನ ಹಾಗೇ ಮಾಡಿದೆ. ಏಸಿಯೂ ಬಂದ್, ಫ್ರಿಜ್ಜೂ ಬಂದ್, ಹೊರಗೆ ಐವತ್ತು ಡಿಗ್ರಿ ಬಿಸಿಲು. ನಾಲ್ಕನೇ ದಿನ ಅವರನ್ನು ಸ್ಟ್ರೆಚರಲ್ಲಿ ಇಳಿಸಿದ್ರು."

"ಏನಾಯ್ತು ಆಂಟಿ ಅವ್ರಿಗೆ?"

"ಬದುಕಿದ್ರು, ದೇವರು ದೊಡ್ಡವನು. ಆಸ್ಪತ್ರೆಗೆ ಹೋಗಿ ಹೇಳಿದೆ, ಕಾರ್ಡ್ ತೆಗೆದದ್ದು ನಾನು ಅಂತ. ಹೇಳದಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ಕೆಲಸ ಹೋಗುವ ಭಯವಿದ್ದರೂ ಪರದೇಶದಲ್ಲಿ ಕೋಣೆ ಗುಡಿಸುವ ಒಬ್ಬ ಹೆಂಗಸು ಅಷ್ಟು ಧೈರ್ಯ ಮಾಡಿದ್ದಳು. ನಾನಾಗಿದ್ದರೆ ಖಂಡಿತ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನನ್ನ ಹದಿನಾಲ್ಕು ಕಾಲಮ್ಮುಗಳಲ್ಲಿ ಆ ಕಾರ್ಡಿನ ಪೆಟ್ಟಿಗೆಗೆ ಜಾಗವಿರಲಿಲ್ಲ.

ಆಮೇಲೆ ಅವರು ಹೋಟೆಲುಗಳ ಫೋಟೊ ನೋಡಿದ ರೀತಿ ನೋಡಬೇಕಿತ್ತು. ಈಜುಕೊಳವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅತಿಥಿಗಳೇ ತೆಗೆದು ಹಾಕಿದ ಮಬ್ಬು ಚಿತ್ರಗಳನ್ನು ದೊಡ್ಡದು ಮಾಡಿ, ದಿಂಬುಗಳನ್ನು ನೋಡಿದರು. ದಿಂಬಿನ ಕವರಿನ ತೆರೆದ ಬಾಯಿ ಬಾಗಿಲ ಕಡೆಗೆ ಇರಕೂಡದಂತೆ, ಒಳಗೆ ಬಂದವರಿಗೆ ಅದು ಕಾಣಬಾರದಂತೆ. ಮೊದಲನೆಯ ಹೋಟೆಲಿನಲ್ಲಿ ಒಂದು ಆ ಕಡೆ, ಒಂದು ಈ ಕಡೆ. "ಹೇಳುವವರು ಕೇಳುವವರು ಇಲ್ಲ ಇಲ್ಲಿ," ಎಂದರು. ಮೂರನೆಯದು ಹಳೆಯ ಕಟ್ಟಡ, ಗದ್ದಲದ ರಸ್ತೆ, ನನ್ನ ಪಟ್ಟಿಯಲ್ಲಿ ಕಡೆಯ ಸ್ಥಾನ. ಅದರ ನಾಲ್ಕು ಫೋಟೊದಲ್ಲೂ ದಿಂಬುಗಳು ಒಂದೇ ಕಡೆಗೆ ಮುಖ ಮಾಡಿದ್ದವು. ಐದು ನಿಮಿಷದಲ್ಲಿ ನನ್ನ ಇನ್ನೂರು ರಿವ್ಯೂ ಮೂಲೆ ಸೇರಿದವು.

ಮರುದಿನ ನಮ್ಮ ಸಂಜೆ ನಾಲ್ಕೂವರೆಗೆ, ಅಂದರೆ ಅಲ್ಲಿನ ಬೆಳಿಗ್ಗೆ, ಆಂಟಿ ಫೋನು ಹಿಡಿದರು. ಮೊದಲನೆಯ ಹೋಟೆಲಿನವರು ಕೇಳಿದ್ದಕ್ಕೆಲ್ಲ ಹೌದು ಎಂದರು. ಫ್ರಿಜ್ಜಿದೆಯೇ, ಹೌದು. ಕರೆಂಟು ಹೋಗುವುದೇ ಇಲ್ಲವೇ, ಹೌದು, ಹೋಗುವುದೇ ಇಲ್ಲ. ಆಂಟಿ ಫೋನಿಟ್ಟು, "ಇಷ್ಟು ಹೌದು ಒಳ್ಳೇದಲ್ಲ," ಎಂದರು. ಎರಡನೆಯವರು ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಕಟ್ ಮಾಡಿದರು. ಮೂರನೆಯದರಲ್ಲಿ ರಿಸೆಪ್ಷನ್ ದಾಟಿ ಹೌಸ್‌ಕೀಪಿಂಗಿನವನೊಬ್ಬ ಸಿಕ್ಕಿದ. ಆಂಟಿ ಕೂತಲ್ಲಿಂದ ಎದ್ದು ನಿಂತು ಅರಬ್ಬಿಗೆ ತಿರುಗಿದರು. ನನಗೆ ಇನ್ಸುಲಿನ್ ಎಂಬ ಒಂದು ಪದ ಬಿಟ್ಟು ಬೇರೇನೂ ತಿಳಿಯಲಿಲ್ಲ. ಆದರೆ ನುಗ್ಗೆಕಾಯಿ ಹಂಚಿಕೊಂಡ ಆಂಟಿ ಅವರಲ್ಲ ಎನ್ನಿಸಿತು; ಬೆನ್ನು ನೆಟ್ಟಗಾಗಿ, ದನಿ ಗಟ್ಟಿಯಾಗಿ, ಒಂದು ಇಡೀ ಮಹಡಿಯನ್ನು ನೋಡಿಕೊಂಡವರ ಹಾಗೆ ಕಂಡರು. ನಡುವೆ ಒಮ್ಮೆ ನಕ್ಕರು ಕೂಡ.

"ಇದೇ," ಎಂದರು ಫೋನಿಟ್ಟು. "ಅವನು ಎಂತ ಹೇಳಿದ ಗೊತ್ತುಂಟಾ? ನಮ್ಮ ರೂಮಿನ ಫ್ರಿಜ್ ನಂಬಬೇಡಿ. ಕಾರ್ಡ್ ತೆಗೆದ್ರೆ ಆಫ್, ಅದರ ನಾಬ್ ಹೆಚ್ಚು ತಿರುಗಿಸಿದ್ರೆ ನೀರೇ ಐಸ್ ಆಗ್ತದೆ. ಅಡುಗೆಮನೆಯ ಕೋಲ್ಡ್ ರೂಮ್ ಜನರೇಟರಲ್ಲಿ ಉಂಟು, ಅಲ್ಲಿ ನಾನೇ ಇಟ್ಟು ನಾನೇ ಕೊಡ್ತೇನೆ ಅಂದ. ತನ್ನ ಹೋಟೆಲಿನ ಹುಳುಕು ತಾನೇ ಹೇಳಿದ ಅಲ್ವಾ, ಇವನ ಕೈಗೆ ಕೊಡಬಹುದು."

ನನ್ನ ಗಂಡನಿಗೆ ಹೇಳಿದಾಗ ಮನೆಯಲ್ಲಿ ಸಿಡಿಲು ಬಡಿಯಿತು. "ಹೋಟೆಲ್ ಆರಿಸ್ತೀನಿ ಅಂತ ಹೋಗಿ ನನ್ನ ಕಾಯಿಲೇನ ಎರಡು ಖಂಡಕ್ಕೆ ಹಂಚಿ ಬಂದ್ಯಾ?"

"ಹೌದು ರೀ. ನಿಮ್ಮ ಮರ್ಯಾದೆಗಿಂತ ನಿಮ್ಮ ಜೀವ ನಂಗೆ ಮುಖ್ಯ," ಎಂದೆ. ನನಗೂ ಸಿಟ್ಟು ಬಂದಿತ್ತು.

ಎರಡು ದಿನ ಮಾತಿಲ್ಲ. ಮುಖ ಊದಿಸಿಕೊಂಡು ಮತ್ತೆ ಹುಲ್ಲು ಕತ್ತರಿಸಿದರು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆ ಮನುಷ್ಯ ನಿಜವಾಗ್ಲೂ ಫ್ರಿಜ್ ನಂಬಬೇಡಿ ಅಂದ್ನಾ?" ಎಂದರು. ಹೂಂ ಎಂದೆ. "ಪಂಪ್ ಚೆನ್ನಾಗಿದೆ ಅನ್ನೋ ಆಪರೇಟರ್ ಬೇಕಾದಷ್ಟು ಜನ ಸಿಗ್ತಾರೆ. ಎಲ್ಲಿ ಲೀಕ್ ಆಗತ್ತೆ ಅಂತ ಹೇಳೋನು ಸಿಗಲ್ಲ," ಎಂದು ಗೊಣಗುತ್ತ ತಾವೇ ಪರ್ತ್‌ಗೆ ಫೋನು ಮಾಡಿ ಮೂರನೆಯ ಹೋಟೆಲು ಹೇಳಿದರು. ಆದರೆ ಸೈಟಿನವರಿಗೆ ಮಾತ್ರ ಯಾವ ಕಾರಣಕ್ಕೂ ತಿಳಿಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಆ ನಲವತ್ತು ದಿನ ನನಗೆ ಬೇರೆ ಯಾವ ಸುದ್ದಿಯೂ ಬೇಕಿರಲಿಲ್ಲ. ದಿನವೂ ಅವರು ಆಸ್ಟ್ರೇಲಿಯಾದ ಅಳತೆಯಲ್ಲಿ ಸಕ್ಕರೆಯ ಅಂಕಿ ಕಳಿಸುತ್ತಿದ್ದರು: ಏಳು, ಎಂಟು, ಏಳೂವರೆ. ಎರಡನೆಯ ವಾರ ಊರಿಗೇ ಎರಡು ದಿನ ಕರೆಂಟಿಲ್ಲ ಎಂದು ಬರೆದರು. ಅದರ ಮರುದಿನ ಬಂದ ಅಂಕಿ ಹದಿನಾರು, ಭಾರತದ ಅಳತೆಯಲ್ಲಿ ಮುನ್ನೂರರ ಹತ್ತಿರ. ಇನ್ಸುಲಿನ್ ಕೆಟ್ಟಿತು ಎಂದುಕೊಂಡು ನಾನು ಕೆಲಸ ಮಾಡುತ್ತಿದ್ದ ಶಾಲೆಯ ಆಫೀಸಿನಿಂದಲೇ ಫೋನು ಮಾಡಿದೆ. ಹೊಲದ ಯಜಮಾನರು ಪ್ರೀತಿಯಿಂದ ಕೊಟ್ಟರೆಂದು ಸಾಹೇಬರು ಒಂದು ತಟ್ಟೆ ಖರ್ಜೂರ ತಿಂದಿದ್ದರು, ಅಷ್ಟೆ. ಬೈದೆ, ಫೋನಿಟ್ಟ ಮೇಲೆ ಅತ್ತೆ. ಔಷಧಿಗೆ ಏನೂ ಆಗಿರಲಿಲ್ಲ. ಆ ಎರಡು ದಿನವೂ ಹೌಸ್‌ಕೀಪಿಂಗಿನ ಆ ಮನುಷ್ಯ ಬೆಳಿಗ್ಗೆ ಸೈಟಿನ ಗಾಡಿ ಹೊರಡುವ ಮೊದಲು ಆ ದಿನದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು, ಸಂಜೆ ತಾನೇ ಬಂದು ಒಯ್ಯುತ್ತಿದ್ದನಂತೆ. ಇವರು ಕೊಟ್ಟ ಟಿಪ್ಸನ್ನು ಒಂದು ದಿನವೂ ಮುಟ್ಟಲಿಲ್ಲವಂತೆ.

ಬಿಸಿಲಿಗೆ ಕಪ್ಪಾಗಿ, ಎರಡು ಕಿಲೊ ಇಳಿದು, ಮುಖದಲ್ಲಿ ಹಳೆಯ ಕಳೆ ಹೊತ್ತು ನನ್ನ ಗಂಡ ವಾಪಸು ಬಂದರು. ಆ ಭಾನುವಾರ ಆಂಟಿ ಇಬ್ಬರನ್ನೂ ಊಟಕ್ಕೆ ಕರೆದರು. ಇವರು ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದಿದ್ದರು. ಕೋಲ್ಡ್ ರೂಮಿನಲ್ಲಿ ಇನ್ಸುಲಿನ್ ಇಟ್ಟಿದ್ದ ಡಬ್ಬಿ ಅದು. ಮುಚ್ಚಳಕ್ಕೆ ಅರಬ್ಬಿಯಲ್ಲಿ ಬರೆದ ಚೀಟಿ ಅಂಟಿಸಿತ್ತು. "ಇದೇನು ಬರ್ದಿದಾರೆ ಆಂಟಿ? ಅಡುಗೆಮನೆಯೋರೆಲ್ಲ ಇದನ್ನ ಓದಿ ನನ್ನ ನೋಡಿ ನಗ್ತಿದ್ರು," ಎಂದರು.

ಆಂಟಿ ಅರಬ್ಬಿ ಅಕ್ಷರ ಕಲಿತದ್ದು ಲಾಂಡ್ರಿಯ ಚೀಟಿಗಳಿಂದ. ಬೆರಳಿಟ್ಟು ನಿಧಾನವಾಗಿ ಓದಿದರು. "ನಮ್ಮ ಅಕ್ಕನ ತಮ್ಮನ ಔಷಧಿ. ಯಾರೂ ಮುಟ್ಟಬಾರದು."

"ಯಾವ ಅಕ್ಕ?" ಎಂದು ನಾನೇ ಕೇಳಿದೆ.

ಆಂಟಿ ಸ್ವಲ್ಪ ನಾಚಿಕೊಂಡರು. "ನಾನೇ. ಫೋನಲ್ಲಿ ಬರುವುದು ನನ್ನ ತಮ್ಮ ಅಂತ ಹೇಳಿದ್ದೆ. ಅವನು, ಹಾಗಾದ್ರೆ ನೀವು ನಮಗೂ ಅಕ್ಕ ಅಂದ. ಗೆಸ್ಟ್ ಅಂದ್ರೆ ರಿಜಿಸ್ಟರಲ್ಲಿ ಬರೆದು ಮರೀತಾರೆ ಮಾರಾಯ್ತಿ. ತಮ್ಮ ಅಂದ್ರೆ ನೆನಪಿಟ್ಕೊಳ್ತಾರೆ."

ನನ್ನ ಗಂಡ ಚೀಟಿಯನ್ನು ನೋಡುತ್ತ ನಿಂತರು. ಮೇಜಿನ ಮೇಲೆ ತಟ್ಟೆಗಳು ಬಂದಿದ್ದವು. ಅವರು ಎಂದಿನಂತೆ ಬಾತ್‌ರೂಮಿಗೆ ಹೋಗುತ್ತಾರೆಂದು ನಾನು ದಾರಿ ಬಿಟ್ಟು ಸರಿದೆ. ಅವರು ಹೋಗಲಿಲ್ಲ. ಕುರ್ಚಿ ಎಳೆದು ಕೂತು, ಜೇಬಿನಿಂದ ಇನ್ಸುಲಿನ್ ಪೆನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟು, ಅಂಗಿಯ ಅಂಚನ್ನು ಮೇಲೆತ್ತಿದರು.

"ಅಕ್ಕ, ಒಂದ್ ಹತ್ತು ನಿಮಿಷ ಬಿಟ್ಟು ಬಡಿಸಿ," ಎಂದರು.

ಆಂಟಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ, "ನಿಧಾನ ಮಾಡು. ಅನ್ನ ಬಿಸಿ ಉಂಟು," ಎಂದು ಅವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.