ಮಾಸ್ತರರ ಕುರ್ಚಿ ಮುಂದಿನ ಚಕ್ಕಡಿ ಗಂಟು

ಟ್ರಂಕಿನ ತಳದಲ್ಲಿ ಮೊನ್ನೆ ಒಂದು ಗ್ರಾಫ್ ಹಾಳೆ ಸಿಕ್ಕಿತು. ಮೂಸಿದರೆ ಡಾಂಬರು ಗುಳಿಗೆಯ ವಾಸನೆ. ಮೇಲೆ ಚುಕ್ಕೆ ಚುಕ್ಕೆಯಾಗಿ ಬೈಲಹೊಂಗಲದ ಚಕ್ಕಡಿಗಳು. ನಗಬೇಡಿ, ಒಂದೊಂದು ಚುಕ್ಕೆಗೂ ಎರಡೆರಡು ಎತ್ತು ಇದ್ದವು.

ಎಪ್ಪತ್ತರ ದಶಕದ ಮಾತು. ನಮ್ಮ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಶಿವಲಿಂಗಪ್ಪ ಮಾಸ್ತರರು ದಾರಿಯ ದಟ್ಟಣೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಲು ಹೊರಟಿದ್ದರು. ಬಹಳ ವರ್ಷದ ಆಸೆ. ಗಾಡಿಗಳ ನಡುವೆ ಇಷ್ಟು ಅಂತರವಿದ್ದರೆ ಸಾಲು ಓಡುತ್ತದೆ, ಕಡಿಮೆಯಾದರೆ ಗಂಟು ಬೀಳುತ್ತದೆ, ಗಾಡಿ ಮುಂದೆ ಹೋದರೂ ಗಂಟು ಹಿಂದಕ್ಕೇ ಸರಿಯುತ್ತದೆ ಎಂದು ಸೂತ್ರ ಕಟ್ಟಿದ್ದರು. ಸಂತೆಯ ದಿನ ಧಾರವಾಡ ದಾರಿಯ ಬದಿಗೆ ಕುರ್ಚಿ ಹಾಕಿ ಅವರು ಎಣಿಸುವುದು, ಚಿತ್ರಕಲೆಯ ಮಾಸ್ತರನಾದ ನಾನು ಚುಕ್ಕೆ ಇಡುವುದು. ನೇರ ಗೆರೆ ಎಳೆಯಲು ಬಾರದವನಿಗೆ ಚುಕ್ಕೆಯೇ ವಾಸಿ.

ಸೂತ್ರದ ಪ್ರಕಾರ ಗಂಟು ಬೀಳಬೇಕಾದದ್ದು ಊರ ಅಗಸಿಬಾಗಿಲ ಹತ್ತಿರ. ಬಿದ್ದದ್ದು ಕುರ್ಚಿಯ ಮುಂದೆ. ಕುರ್ಚಿ ಸರಿಸಿದೆವು, ಗಂಟೂ ಸರಿಯಿತು. ಮೂರು ಸಂತೆ ಕಳೆದ ಮೇಲೆ ನಮ್ಮ ಮಂದಬುದ್ಧಿಗೆ ಹೊಳೆಯಿತು: ಮಾಸ್ತರರ ಎದುರು ಚಕ್ಕಡಿಯ ಮೇಲೆ ಕುಂತೇ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಪ್ರತಿಯೊಬ್ಬನೂ ಇಳಿದು, ಕೈಮುಗಿದು, ಮಗನಿಗೆ ಲೆಕ್ಕ ತಲೆಗೆ ಹತ್ತುತ್ತಿದೆಯೇ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ಧಾರವಾಡದ ಪ್ರಾಧ್ಯಾಪಕರು ಸೂತ್ರ ಪರೀಕ್ಷಿಸಲು ಬರುವ ದಿನ, ಸಾಲು ಸುಸೂತ್ರ ಓಡಲೆಂದು ಮಾಸ್ತರರು ಅಂಗಡಿಯೊಂದರ ಅಟ್ಟ ಹತ್ತಿ ಅಡಗಿದರು. ಖಾಲಿ ಕುರ್ಚಿ ಕಂಡು ಮೊದಲ ಗಾಡಿಯೇ ನಿಂತಿತು. "ಮಾಸ್ತರ ಕಾಣವಲ್ರು, ಆರಾಮಿಲ್ಲೇನ್ರಿ?" ಎಂದು ನನ್ನನ್ನು ಕೇಳಿದವನು ಉತ್ತರಕ್ಕೂ ಕಾಯದೆ ಹಿಂದಿನವನಿಗೆ ಸುದ್ದಿ ಮುಟ್ಟಿಸಿದ. ನೋಡನೋಡುತ್ತಲೇ ದಾರಿ ತುಂಬ ಚಕ್ಕಡಿ. ಕುರ್ಚಿಯ ಮೇಲೆ ಬಾಳೆಹಣ್ಣು, ಮೊಸರಿನ ಗಡಿಗೆ.

ಬಸ್ಸು ಬಿಟ್ಟು ನಡೆದೇ ಬಂದ ಪ್ರಾಧ್ಯಾಪಕರು, ಅಟ್ಟ ಇಳಿದು ಬಂದ ಮಾಸ್ತರರ ಮೇಲೆ ಸಿಟ್ಟಾಗಲಿಲ್ಲ. "ಗಂಟು ಹಿಂದಕ್ಕ ಸರದು ಬಂದು ನನ್ನ ಬಸ್ಸಿಗೇ ಹತ್ತಿತು. ಸೂತ್ರ ಖರೇನ ಐತ್ರಿ. ಆದ್ರ ನಿಮ್ಮ ಗುರುತಿಲ್ಲದ ಊರಾಗ ಎಣಿಸ್ರಿ. ಲೆಕ್ಕ ಕೂಡಿದ್ರ ಡಾಕ್ಟರೇಟ್ ನಿಮ್ದು" ಎಂದರು.

ಮಾಸ್ತರರು ರಾಮದುರ್ಗಕ್ಕೆ ಹೋದರು. ಸಂಜೆಯ ಬಸ್ಸಿಗೆ ಮರಳಿದಾಗ ಲೆಕ್ಕ ಕೂಡಿತೇ ಎಂದು ಕೇಳಿದೆ.

"ಕೂಡೇತಿ ಮಾರಾಯಾ, ಚೂರೂ ತಪ್ಪಿಲ್ಲ. ಮುಂಜಾನಿಂದ ಕುಂತೇನಿ, ಒಬ್ಬರೂ ಇಳದು ಮಾತಾಡಿಸಲಿಲ್ಲ. ಅಂಥಾ ದಾರಿ ತಗೊಂಡು ಏನ ಮಾಡ್ಲಿ?" ಎಂದು ಚುರುಮುರಿಯ ಪೊಟ್ಟಣ ಮುಂದೆ ಹಿಡಿದರು. ಪೊಟ್ಟಣ ಕಟ್ಟಿದ್ದು ರಾಮದುರ್ಗದ ಲೆಕ್ಕದ ಹಾಳೆಯಲ್ಲಿ. ಪ್ರಬಂಧ ಅಲ್ಲಿಗೇ ಮುಗಿಯಿತು.

ಕೈಗೆ ಬಂದದ್ದನ್ನು ಬಿಟ್ಟ ಹುಚ್ಚನೆಂದು ಬಹಳ ವರ್ಷ ಒಳಗೊಳಗೇ ಅವರನ್ನು ಬೈದುಕೊಂಡಿದ್ದೆ. ಇವತ್ತು ಪೇಟೆಗೆ ಹೋಗಿದ್ದೆ. ಮೋಟಾರ್ ಸೈಕಲ್ಲುಗಳು ಯಾವ ಸೂತ್ರವಾದರೂ ಮೆಚ್ಚುವಂತೆ ಸರಸರ ಹೋಗುತ್ತಿದ್ದವು. ಗುರುತೇ ಇಲ್ಲದ ಒಬ್ಬನಿಗೆ ಕೈ ಅಡ್ಡ ಹಿಡಿದು, ಆರಾಮದೀಯೇನಪಾ ಎಂದು ಕೇಳಿದೆ. ಅವನು ಇಂಜಿನ್ ಬಂದ್ ಮಾಡಿ ಇಳಿದ. ಹಿಂದೆ ಹಾರ್ನುಗಳು ಶುರುವಾದವು. ನಾವಿನ್ನೂ ಊರು, ಮನೆತನ ವಿಚಾರಿಸುವುದರಲ್ಲೇ ಇದ್ದೆವು.